ಪಾಟಿ ಸವಾಲು ‘ನಿಲ್’ ಅಂತ ಬರೆದಾಯ್ತು, ಮುಂದೇನು ದಾರಿ?

ಹೊಸಕರಿಕೋಟು:
ಚೆಕ್ ಬೌನ್ಸ್ ಕೇಸುಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಇದು. ತಿಳಿದವರು ಒಂದೇ ಕಡೆ ಉತ್ತರ ಹಾಕಿದರೆ ಎಲ್ಲ ಜೂನಿಯರ್‌ಗಳಿಗೂ ಉಪಕಾರ. ಫಿರ್ಯಾದುದಾರ ಮುಖ್ಯ ವಿಚಾರಣೆಯ ಪ್ರಮಾಣಪತ್ರ ಹಾಕಿದ್ದಾನೆ. ಚೆಕ್ಕು, ಬ್ಯಾಂಕಿನ ಮೆಮೊ, ನೋಟಿಸು, ಅಂಚೆ ರಸೀತಿ ಎಲ್ಲ ಫಿರ್ಯಾದುದಾರನ ಕಡೆಯ ನಿಶಾನೆಗಳಾಗಿ ನಿ.ಪಿ. 1ರಿಂದ ಗುರುತಾಗಿವೆ. ಪಾಟಿ ಸವಾಲಿಗೆ (ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದಕ್ಕೆ) ಎರಡು ವಾಯಿದೆ ಆಯ್ತು. ಮೂರನೇ ಸಲ ಕೇಸು ಕೂಗಿದಾಗ ಆರೋಪಿ ಪರ ವಕೀಲರಿಲ್ಲ. ‘ಪಿ.ಡಬ್ಲ್ಯೂ. 1ರ ಪಾಟಿ ಸವಾಲು ನಿಲ್’, ಅಂದರೆ ಮೊದಲ ಸಾಕ್ಷಿಯಾದ ಫಿರ್ಯಾದುದಾರನಿಗೆ ಪ್ರಶ್ನೆ ಇಲ್ಲ, ಅಂತ ಆರ್ಡರ್ ಶೀಟಿನಲ್ಲಿ ಬಂತು, ಕೇಸು 313ರ ಹೇಳಿಕೆಗೆ (ಸಾಕ್ಷ್ಯದ ಬಗ್ಗೆ ಆರೋಪಿಯ ವಿವರಣೆ ಪಡೆಯುವ ಹಂತಕ್ಕೆ) ಹೋಯ್ತು.

ಕೋರ್ಟು ಹೀಗೆ ಮುಚ್ಚಬಹುದಾ? ಮುಚ್ಚಿದರೆ ತೆರೆಸುವುದು ಹೇಗೆ? ತೆರೆದ ಮೇಲೆ ಒಂದೇ ದಿನ ಸಿಗುತ್ತೆ ಅಂದುಕೊಳ್ಳಿ, ಏನು ಕೇಳಬೇಕು?

ಕಟಕಟೆ:
ಮುಚ್ಚಬಹುದು. ದಂಡ ಪ್ರಕ್ರಿಯಾ ಸಂಹಿತೆಯ 309ನೇ ಕಲಮಿನ ಪರಂತುಕ ಓದಿ. ಸಾಕ್ಷಿ ಹಾಜರಿದ್ದು ವಕೀಲರು ಇಲ್ಲದಿದ್ದರೆ, ಅಥವಾ ವಕೀಲರು ಇದ್ದೂ ತಯಾರಿಲ್ಲದಿದ್ದರೆ, ಪಾಟಿ ಸವಾಲನ್ನು ಕೈಬಿಟ್ಟು ಮುಂದೆ ಹೋಗುವ ಅಧಿಕಾರ ಕೋರ್ಟಿಗಿದೆ. ‘ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ’ ಅನ್ನುವುದು ವಾಯಿದೆಗೆ ಕಾರಣವಲ್ಲ ಅಂತಲೂ ಅಲ್ಲೇ ಬರೆದಿದೆ. ಅದರ ಬದಲು ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 346 ಇನ್ನೂ ಬಿಗಿ. ಪಕ್ಷಕಾರನ ಕೈಮೀರಿದ ಕಾರಣವಿದ್ದರೂ ಎರಡಕ್ಕಿಂತ ಹೆಚ್ಚು ವಾಯಿದೆ ಇಲ್ಲ.

ಧಾರವಾಡದಾಂವ:
ಅಧಿಕಾರ ಐತಿ ಖರೆ, ಆದ್ರ ಎಲ್ಲಾ ಕೇಸಿಗೂ ಒಂದ ಅಳತಿ ಇಡಾಕ ಬರೂದಿಲ್ರಿ. ಸೆಷನ್ಸ್ ಕೇಸಿನ್ಯಾಗ ಆರೋಪಿ ಜೈಲಿನ್ಯಾಗ ಅದಾನ, ವಕೀಲರು ಬಂದಿಲ್ಲ, ಅಷ್ಟಕ್ಕ ನಿಲ್ ಬರದ್ರ ಹೆಂಗ? ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರನ್ನ ಕೊಡಬೇಕು, ಅವರಿಗೆ ಕಾಗದ ಓದಾಕ ಟೈಮೂ ಕೊಡಬೇಕು. ದಿಲ್ಲಿ ಬಸ್ ಸ್ಫೋಟದ ಕೇಸು ನೋಡ್ರಿ. ಭಾಳಷ್ಟು ಸಾಕ್ಷಿಗಳ ವಿಚಾರಣಾ ವಕೀಲರಿಲ್ಲದ ನಡದಿತ್ತು. ಗಲ್ಲಿನ ಶಿಕ್ಷಾ ಆಗಿದ್ದನ್ನ 2012ರಾಗ ಸುಪ್ರೀಂ ಕೋರ್ಟ್ ರದ್ದು ಮಾಡಿ, ಮತ್ತ ಮೊದಲಿಂದ ವಿಚಾರಣಾ ನಡಸ್ರಿ ಅಂತು.

ಶಿರಸ್ತೆ:
ತೆರೆಸುವ ದಾರಿ: ಸಾಕ್ಷಿಯನ್ನು ಮರಳಿ ಕರೆಸುವ ಅರ್ಜಿ. ಹಳೆಯ 311, ಹೊಸ 348. ತೀರ್ಪು ಬರುವ ಮೊದಲು ಯಾವ ಹಂತದಲ್ಲಾದರೂ ಹಾಕಬಹುದು, ಆದರೆ ಒಂದೊಂದು ವಾರ ತಡವಾದಂತೆ ಅರ್ಜಿಯ ತೂಕ ಇಳಿಯುತ್ತದೆ. ಅರ್ಜಿಯಲ್ಲಿ ಇರಬೇಕಾದ್ದು:

ಆ ದಿನ ಗೈರಾದ ಕಾರಣ, ಸಾಧ್ಯವಾದರೆ ಪುರಾವೆ ಸಮೇತ. ವಕೀಲರ ಕಾರಣವಾದರೆ ವಕೀಲರದೇ ಪ್ರಮಾಣಪತ್ರ, ಆರೋಪಿಯದಲ್ಲ. ಯಾವ ವಿಷಯದ ಮೇಲೆ ಪಾಟಿ ಸವಾಲು ಬೇಕು ಎಂಬುದು ಎರಡು ಮೂರು ಸಾಲಿನಲ್ಲಿ. ಕೇಳಲಿರುವ ಪ್ರಶ್ನೆಗಳನ್ನೇ ಬರೆದುಕೊಟ್ಟು ಎದುರಾಳಿಗೆ ತಯಾರಾಗಲು ಅವಕಾಶ ಮಾಡಿಕೊಡಬೇಡಿ. ಸಾಕ್ಷಿಯ ಬತ್ತಾ (ಬಂದುಹೋಗುವ ಖರ್ಚು) ಮತ್ತು ಕೋರ್ಟು ವಿಧಿಸುವ ವೆಚ್ಚ ಕಟ್ಟಲು ಒಪ್ಪಿಗೆ. ‘ಸಾಕ್ಷಿ ಬಂದ ದಿನವೇ ಪಾಟಿ ಸವಾಲು ಮುಗಿಸುತ್ತೇವೆ’ ಎಂಬ ಮಾತು. ಈ ಕೊನೆಯ ಸಾಲು ಇಲ್ಲದೆ ಎಷ್ಟೋ ಅರ್ಜಿ ಬಿದ್ದುಹೋಗುತ್ತವೆ.

ವಜಾ ಆದರೆ ರಿವಿಜನ್ (ಮೇಲಿನ ಕೋರ್ಟಿಗೆ ಮರುಪರಿಶೀಲನೆ ಅರ್ಜಿ) ಹಾಕಬೇಡಿ. ಅದು ಮಧ್ಯಂತರ ಆದೇಶ, ರಿವಿಜನ್ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಹೈಕೋರ್ಟಿಗೆ 482, ಈಗಿನ 528ರ ಅರ್ಜಿಯೇ ದಾರಿ.

ಹೊಸಕರಿಕೋಟು:
ಶಿರಸ್ತೆ ಸರ್, ಧನ್ಯವಾದ. 311 ಹಾಕಬೇಕೋ 348 ಹಾಕಬೇಕೋ? ಎರಡನ್ನೂ ಬರೆಯುವವರೇ ಹೆಚ್ಚು.

ಕಟಕಟೆ:
2024ರ ಜುಲೈ 1ಕ್ಕೆ ಬಾಕಿ ಇದ್ದ ವಿಚಾರಣೆ ಹಳೆಯ ಸಂಹಿತೆಯ ಪ್ರಕಾರವೇ ಮುಂದುವರಿಯುತ್ತದೆ, ಹೊಸ ಸಂಹಿತೆಯ 531 ಓದಿ. ಹಾಗಾಗಿ ಹಳೆಯ ಕೇಸಿಗೆ 311. ಸಾಕ್ಷ್ಯದ ಕಾಯ್ದೆಗೂ ಅಷ್ಟೇ, ಹೊಸ ಸಾಕ್ಷ್ಯ ಅಧಿನಿಯಮದ 170 ನೋಡಿ. ಆ ದಿನಾಂಕಕ್ಕೆ ಬಾಕಿ ಇದ್ದ ಪ್ರಕರಣಕ್ಕೆ 1872ರ ಕಾಯ್ದೆಯೇ.

ಬಾರ್ ಬೆಂಚು:
ವಕೀಲರನ್ನು ಬದಲಾಯಿಸಿ ಹೊಸ ವಕಾಲತ್ತು ಹಾಕಿದರೆ ಸಾಕು, ಕೋರ್ಟು ಇನ್ನೊಂದು ಅವಕಾಶ ಕೊಟ್ಟೇ ಕೊಡುತ್ತೆ.

ಶಿರಸ್ತೆ:
ಇದು ತಪ್ಪು ಸಲಹೆ, ದಯವಿಟ್ಟು ಯಾರೂ ನಂಬಬೇಡಿ. ದಿಲ್ಲಿಯ ಟ್ಯಾಕ್ಸಿ ಅತ್ಯಾಚಾರ ಕೇಸಿನಲ್ಲಿ ಹೊಸ ವಕೀಲರು ಬಂದು 13 ಸಾಕ್ಷಿಗಳನ್ನು ಮರಳಿ ಕರೆಸಲು ಹೈಕೋರ್ಟಿನಿಂದ ಅನುಮತಿ ಪಡೆದಿದ್ದರು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಹಿಂದಿನ ವಕೀಲರು ಚೆನ್ನಾಗಿ ಕೇಳಲಿಲ್ಲ ಎಂಬುದಷ್ಟೇ ಕಾರಣವಾಗದು. ಪಾಟಿ ಸವಾಲು ನಡೆದೇ ಇಲ್ಲದಿರುವುದು ಬೇರೆ, ನಡೆದದ್ದು ಸಾಲದು ಅನ್ನುವುದು ಬೇರೆ. ಮೊದಲನೆಯದಕ್ಕೆ ಕೋರ್ಟು ಬಾಗುತ್ತದೆ, ಎರಡನೆಯದಕ್ಕೆ ಬಾಗುವುದು ಕಡಿಮೆ.

ಕಡಲತಡಿ:
ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ) ಕೇಸಿನಲ್ಲಿ ಇನ್ನೂ ಕಠಿಣ. ಆ ಕಾಯ್ದೆಯ 33(5)ರ ಪ್ರಕಾರ ಮಗುವನ್ನು ಪದೇ ಪದೇ ಸಾಕ್ಷಿ ನುಡಿಯಲು ಕರೆಸುವಂತಿಲ್ಲ. ಅಲ್ಲಿ ಪ್ರಶ್ನೆಗಳನ್ನು ವಕೀಲರು ನೇರವಾಗಿ ಕೇಳುವ ಹಾಗೂ ಇಲ್ಲ, ನ್ಯಾಯಾಧೀಶರಿಗೆ ಕೊಟ್ಟು ಅವರ ಮೂಲಕ ಕೇಳಿಸಬೇಕು. ಆದ್ದರಿಂದ ಮಗುವಿನ ಸಾಕ್ಷ್ಯದ ದಿನಕ್ಕೆ ಪ್ರಶ್ನಾವಳಿ ಬರೆದು ಸಿದ್ಧ ಇರಬೇಕು. ಮಗುವಿಗೆ ಅರ್ಥವಾಗುವ ಸಣ್ಣ ವಾಕ್ಯ, ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ.

ಕಟಕಟೆ:
ಮೂರನೇ ಪ್ರಶ್ನೆಗೆ ಬರೋಣ. ಚೆಕ್ ಕೇಸಿನಲ್ಲಿ ಏನು ಕೇಳಬೇಕು ಎನ್ನುವುದಕ್ಕೆ ಮೊದಲು ಏನು ಸಾಬೀತಾಗಬೇಕು ಎನ್ನುವುದು ತಲೆಯಲ್ಲಿರಲಿ. ಸಹಿ ಒಪ್ಪಿಕೊಂಡರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ರ ಪೂರ್ವಭಾವನೆ (ಅಲ್ಲಗಳೆಯುವ ತನಕ ಕೋರ್ಟು ನಿಜವೆಂದು ಹಿಡಿಯುವುದು) ಫಿರ್ಯಾದುದಾರನ ಪರ. ಕಾನೂನುಬದ್ಧ ಸಾಲ ಇತ್ತು ಎಂಬುದೂ ಅದರಲ್ಲಿ ಸೇರಿದೆ ಅಂತ 2010ರ ರಂಗಪ್ಪ ತೀರ್ಪು ಹೇಳುತ್ತದೆ. ಕರ್ನಾಟಕದಿಂದಲೇ ಹೋದ ಕೇಸು ಅದು. ಆದರೆ ಅದೇ ತೀರ್ಪು ಆರೋಪಿಗೂ ದಾರಿ ಕೊಟ್ಟಿದೆ: ಸಂಶಯಾತೀತವಾಗಿ ಅಲ್ಲಗಳೆಯಬೇಕಿಲ್ಲ, ‘ಹೀಗಿರುವ ಸಂಭವವೇ ಹೆಚ್ಚು’ ಅನ್ನಿಸಿದರೆ ಸಾಕು, ಅದಕ್ಕೆ ಫಿರ್ಯಾದುದಾರನ ಬಾಯಿಂದ ಬಂದ ಉತ್ತರಗಳನ್ನೇ ಬಳಸಬಹುದು. ಅಂದರೆ ಆರೋಪಿ ಕಟಕಟೆ ಹತ್ತದೆಯೂ ಕೇಸು ಗೆಲ್ಲಬಹುದು, ಪಾಟಿ ಸವಾಲು ಸರಿಯಾಗಿದ್ದರೆ. ಚೆಕ್ ಕೇಸಿನಲ್ಲಿ ನಿಲ್ ಆಗುವುದು ಅಷ್ಟೊಂದು ಅಪಾಯ ಅನ್ನುವುದು ಇದಕ್ಕೇ.

ಹಣ ಎಲ್ಲಿಂದ ಬಂತು ಎಂಬುದೇ ಬೆನ್ನೆಲುಬು. 2019ರ ಬಸಲಿಂಗಪ್ಪ ತೀರ್ಪು ಓದಿ, ಅದೂ ನಮ್ಮ ರಾಜ್ಯದ್ದೇ. 6 ಲಕ್ಷದ ಸಾಲ ಅಂತ ಕೇಸು. ಕೊಡುವ ಆರ್ಥಿಕ ಶಕ್ತಿ ಇತ್ತೇ ಎಂಬ ಪ್ರಶ್ನೆಯನ್ನು ಪಾಟಿ ಸವಾಲಿನಲ್ಲೇ ಎತ್ತಲಾಯಿತು, ಫಿರ್ಯಾದುದಾರ ಅದೇ ಅವಧಿಯಲ್ಲಿ ಬೇರೆಯವರಿಗೆ ಕೊಟ್ಟ ಹಣದ ಲೆಕ್ಕ ಹೊರಬಂತು, ಕೊನೆಗೆ ಖುಲಾಸೆ ಉಳಿಯಿತು. ಕೇಳುವ ಕ್ರಮ ಹೀಗಿರಲಿ: ಉದ್ಯೋಗ, ತಿಂಗಳ ಆದಾಯ, ಮನೆ ಖರ್ಚು, ಬೇರೆ ಸಾಲಗಳು, ಇನ್ಯಾರ ಮೇಲೆ ಚೆಕ್ ಕೇಸು ಹಾಕಿದ್ದೀರಿ, ಆ ತಿಂಗಳು ಖಾತೆಯಲ್ಲಿ ಎಷ್ಟಿತ್ತು, ಬ್ಯಾಂಕಿನಿಂದ ತೆಗೆದಿರಾ ಮನೆಯಲ್ಲಿತ್ತಾ, ಎಲ್ಲಿ ಕೊಟ್ಟಿರಿ, ಯಾರ ಎದುರು ಕೊಟ್ಟಿರಿ, ಕಾಗದ ಯಾಕೆ ಬರೆಸಿಕೊಳ್ಳಲಿಲ್ಲ, ಆದಾಯ ತೆರಿಗೆ ವಿವರದಲ್ಲಿ ಈ ಸಾಲ ತೋರಿಸಿದ್ದೀರಾ. ಆದಾಯದ ಪ್ರಶ್ನೆ ಮೊದಲು ಬರಬೇಕು. ಸಾಲದ ಮಾತು ಮೊದಲೆತ್ತಿದರೆ ಸಾಕ್ಷಿ ಎಚ್ಚೆತ್ತು ಆದಾಯವನ್ನು ಏರಿಸಿ ಹೇಳುತ್ತಾನೆ.

ತಾರೀಖುಗಳನ್ನು ಬಿಡಬೇಡಿ. ಮೆಮೊ ಬಂದ 30 ದಿನದೊಳಗೆ ನೋಟಿಸು ಹೋಗಿದೆಯೇ, ತಲುಪಿದ ಮೇಲೆ 15 ದಿನ ತುಂಬುವ ಮೊದಲೇ ಫಿರ್ಯಾದು ಹಾಕಿದ್ದಾರೆಯೇ. 15 ದಿನ ತುಂಬದೆ ಹಾಕಿದ ಫಿರ್ಯಾದು ಫಿರ್ಯಾದೇ ಅಲ್ಲ ಅಂತ 2014ರ ತೀರ್ಪಿದೆ. ಕೈಬರಹ ಬೇರೆ, ಶಾಯಿ ಬೇರೆ ಅಂತ ಅರ್ಧ ಗಂಟೆ ಕಳೆಯುವುದು ವ್ಯರ್ಥ. ಸಹಿ ಮಾಡಿದ ಖಾಲಿ ಚೆಕ್ಕು ಕೊಟ್ಟರೂ ಪೂರ್ವಭಾವನೆ ಹುಟ್ಟುತ್ತದೆ ಅಂತ 2019ರಲ್ಲೇ ಇತ್ಯರ್ಥವಾಗಿದೆ.

ಬಾರ್ ಬೆಂಚು:
20,000 ರೂಪಾಯಿ ಅಥವಾ ಮೇಲ್ಪಟ್ಟ ನಗದು ಸಾಲ 1961ರ ಆದಾಯ ತೆರಿಗೆ ಕಾಯ್ದೆಯ 269ಎಸ್‌ಎಸ್ ಪ್ರಕಾರ ನಿಷಿದ್ಧ. ನಗದಾಗಿ ಕೊಟ್ಟೆ ಅಂತ ಒಪ್ಪಿಸಿಬಿಟ್ಟರೆ ಕಾನೂನುಬದ್ಧ ಸಾಲವೇ ಅಲ್ಲ, ಕೇಸು ಅಲ್ಲಿಗೇ ಮುಗಿಯಿತಲ್ಲ?

ಕಟಕಟೆ:
ಇಲ್ಲ. ಆ ಕಲಂ ಮುರಿದರೆ ತೆರಿಗೆ ಇಲಾಖೆಯ ದಂಡ ಬೀಳಬಹುದು, ಸಾಲ ಅಸಿಂಧುವಾಗುವುದಿಲ್ಲ. ಕೇರಳ ಹೈಕೋರ್ಟ್ ಬೇರೆ ರೀತಿ ಹೇಳಿತ್ತು, 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ನಗದಿನ ಪ್ರಶ್ನೆ ಕೇಳಿ, ಆದರೆ ಹಣವೇ ಇರಲಿಲ್ಲ ಎಂದು ತೋರಿಸುವುದಕ್ಕೆ.

ವಕಾಲತ್ತು:
ಒಂದು ತಕರಾರು. ‘ಕಾಗದ ಯಾಕೆ ಬರೆಸಿಕೊಳ್ಳಲಿಲ್ಲ’ ಅಂತ ಕೇಳಬಾರದು. ಯಾಕೆ ಅಂದ ತಕ್ಷಣ ಸಾಕ್ಷಿಗೆ ಭಾಷಣದ ಅವಕಾಶ: ‘ಇವನು ನನ್ನ ಅಕ್ಕನ ಮಗ, ನಂಬಿಕೆ ಮೇಲೆ ಕೊಟ್ಟೆ’. ಆ ಉತ್ತರ ದಾಖಲಾಗುತ್ತೆ, ಅಳಿಸೋಕೆ ಆಗಲ್ಲ. ‘ಸಾಲಕ್ಕೆ ಸಂಬಂಧಿಸಿ ಯಾವುದೇ ಬರಹ ಇಲ್ಲ ಎಂದರೆ ಸರಿ ತಾನೇ?’ ಅಂತ ಕೇಳಿ, ‘ಸರಿ’ ಅನ್ನಿಸಿಕೊಂಡು ಬಿಟ್ಟುಬಿಡಿ. ಪಾಟಿ ಸವಾಲಿನಲ್ಲಿ ಉತ್ತರ ಸೂಚಿಸುವ ಪ್ರಶ್ನೆ ಕೇಳುವ ಹಕ್ಕಿದೆ, ಅದನ್ನು ಬಳಸಿ.

ಕಟಕಟೆ:
ಒಪ್ಪಿದೆ. ಆ ಪ್ರಶ್ನೆ ವಕಾಲತ್ತು ಅವರು ಹೇಳಿದ ರೂಪದಲ್ಲೇ ಇರಲಿ.

ಮಹಜರು:
ಪೊಲೀಸ್ ಕೇಸಿನವರಿಗೆ ಇನ್ನೊಂದು ಮಾತು. ಅತಿ ಹೆಚ್ಚು ಹಾಳಾಗುವುದು ವಿರೋಧಾಭಾಸ ಗುರುತಿಸುವ ಕೆಲಸ. ಸಾಕ್ಷಿ ತನಿಖೆಯಲ್ಲಿ ಒಂದು ಹೇಳಿ ಕೋರ್ಟಿನಲ್ಲಿ ಇನ್ನೊಂದು ಹೇಳಿದ್ದಾನೆ. ವಕೀಲರು ‘ಹಾಗೆ ಪೊಲೀಸರ ಮುಂದೆ ಹೇಳಿಲ್ಲ ಅಲ್ಲವೇ’ ಅಂತ ಕೇಳುತ್ತಾರೆ, ಸಾಕ್ಷಿ ‘ಸರಿಯಲ್ಲ’ ಅನ್ನುತ್ತಾನೆ, ಮುಂದೆ ಹೋಗುತ್ತಾರೆ. ವಾದದ ದಿನ ಪೊಲೀಸ್ ಹೇಳಿಕೆಯನ್ನು ಓದಲು ಹೊರಟರೆ ನ್ಯಾಯಾಧೀಶರು ಕಣ್ಣೆತ್ತಿಯೂ ನೋಡುವುದಿಲ್ಲ, ಯಾಕೆಂದರೆ ಆ ಹೇಳಿಕೆ ಸಾಕ್ಷ್ಯವಾಗಿ ಬಂದೇ ಇಲ್ಲ.

ಕ್ರಮ ಹೀಗೆ. ಮೊದಲು ಕೋರ್ಟಿನಲ್ಲಿ ಈಗ ಹೇಳಿದ್ದನ್ನು ಸಾಕ್ಷಿಯ ಬಾಯಲ್ಲಿ ಗಟ್ಟಿ ಮಾಡಿಸಿ. ಆಮೇಲೆ ತನಿಖಾಧಿಕಾರಿ ಇಂಥ ದಿನ ಹೇಳಿಕೆ ಬರೆದುಕೊಂಡರು ಎಂದು ಒಪ್ಪಿಸಿ. ಹಳೆಯ 161ರ, ಹೊಸ 180ರ ಆ ಹೇಳಿಕೆಯಲ್ಲಿ ವಿರುದ್ಧವಾದ ಭಾಗವನ್ನಷ್ಟೇ ಓದಿ ಹೇಳಿ, ‘ಹೀಗೆ ಹೇಳಿದ್ದೀರಾ’ ಅಂತ ಕೇಳಿ. ಒಪ್ಪಿದರೆ ಅಲ್ಲಿಗೆ ಕೆಲಸ ಮುಗಿಯಿತು. ಇಲ್ಲವೆಂದರೆ ಆ ಭಾಗಕ್ಕೆ ಆವರಣ ಹಾಕಿಸಿ ಗುರುತಿಸಲು ಕೋರಿ. ತನಿಖಾಧಿಕಾರಿ ಸಾಕ್ಷಿಯಾಗಿ ಬಂದ ದಿನ ಅದೇ ಭಾಗವನ್ನು ತೋರಿಸಿ, ಸಾಕ್ಷಿ ಹೀಗೆ ಹೇಳಿದ್ದನೆಂದು ಸಾಬೀತು ಮಾಡಿಸಿ ಆರೋಪಿ ಕಡೆಯ ನಿಶಾನೆ, ಅಂದರೆ ನಿ.ಡಿ. 1 ಮಾಡಿಸಿ. ಇಡೀ ಹೇಳಿಕೆಯನ್ನು ಗುರುತಿಸಬೇಡಿ, ನಿಮಗೆ ಬೇಡದ್ದೂ ಒಳಗೆ ಬರುತ್ತದೆ. 1959ರ ತಹಸೀಲ್ದಾರ್ ಸಿಂಗ್ ತೀರ್ಪು ಮತ್ತು 2015ರ ವಿ.ಕೆ. ಮಿಶ್ರಾ ತೀರ್ಪು ಎರಡನ್ನೂ ಓದಿ. ಎರಡನೆಯದರಲ್ಲಿ ಈ ಹಂತಗಳನ್ನೇ ಬಿಡಿಸಿ ಹೇಳಿದ್ದಾರೆ.

ಹೇಳಿಕೆಯಲ್ಲಿ ಇಲ್ಲದ್ದನ್ನು ಕೋರ್ಟಿನಲ್ಲಿ ಸೇರಿಸಿದ್ದರೆ ಗುರುತಿಸಲು ಭಾಗವೇ ಇರುವುದಿಲ್ಲ. ಆಗ ತನಿಖಾಧಿಕಾರಿಗೆ ಒಂದೇ ಪ್ರಶ್ನೆ: ‘ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿರಲಿಲ್ಲ?’ ಮುಖ್ಯವಾದ ಲೋಪ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಂಗಿಯ ಬಣ್ಣ ಮರೆತದ್ದು ಲೋಪವಲ್ಲ, ಹೊಡೆದವನ ಹೆಸರೇ ಇಲ್ಲದಿರುವುದು ಲೋಪ.

ಧಾರವಾಡದಾಂವ:
ಮಹಜರು ಅವರ ಮಾತು ನೂರಕ್ಕ ನೂರು ಖರೆ. ತನಿಖಾಧಿಕಾರಿ ಪಾಳಿ ಬರೂದ್ರಾಗ ಎರಡು ವರ್ಷ ಆಗಿರ್ತೈತಿ, ಅಷ್ಟೊತ್ತಿಗೆ ವಕೀಲರಿಗೆ ಮೊದಲಿನ ಸಾಕ್ಷಿಗೆ ಏನು ಕೇಳಿದ್ರಿ ಅನ್ನೂದ ನೆನಪಿರೂದಿಲ್ಲ. ಅದಕ್ಕ ಒಂದ ಹಾಳಿ ಇಡ್ರಿ: ಸಾಕ್ಷಿ ನಂಬರು, ಅಲ್ಲಗಳದ ಮಾತು, ಹೇಳಿಕಿಯ ಸಾಲು. ಆ ಹಾಳಿ ತನಿಖಾಧಿಕಾರಿ ಬರೋ ದಿನ ಕೈಯಾಗ ಇರಬೇಕು.

ಹೊಸಕರಿಕೋಟು:
ಕೊನೆಯಲ್ಲಿ ಸಾಲಾಗಿ ‘ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ, ಸುಳ್ಳು ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ’ ಅಂತ ಬರೆಸುತ್ತಾರಲ್ಲ, ಸಾಕ್ಷಿ ಎಲ್ಲಕ್ಕೂ ಇಲ್ಲ ಅಂದೇ ಅನ್ನುತ್ತಾನೆ. ಅದರಿಂದ ಏನು ಲಾಭ?

ವಕಾಲತ್ತು:
ಲಾಭ ಇದೆ. ನಿಮ್ಮ ಕಡೆಯ ಕಥೆಯನ್ನು ಸಾಕ್ಷಿಯ ಮುಂದೆ ಇಡದಿದ್ದರೆ ಆತ ಹೇಳಿದ್ದನ್ನು ಒಪ್ಪಿದಂತೆ ಅಂತ ಎದುರಾಳಿ ವಾದಿಸುತ್ತಾರೆ. 1893ರ ಬ್ರೌನ್ ವಿರುದ್ಧ ಡನ್ ಕಾಲದಿಂದ ಬಂದ ನಿಯಮ ಇದು, ನಮ್ಮ ಕೋರ್ಟುಗಳು ಇವತ್ತಿಗೂ ಅನ್ವಯಿಸುತ್ತವೆ. ಮುಂದೆ ನಿಮ್ಮ ಸಾಕ್ಷಿ ಬಂದು ಹೊಸ ಕಥೆ ಹೇಳಿದರೆ ‘ಆವತ್ತು ಯಾಕೆ ಕೇಳಲಿಲ್ಲ’ ಎಂಬ ಒಂದು ಮಾತಿಗೆ ಅದು ಬೀಳುತ್ತದೆ.

ಕಡಲತಡಿ:
ಆದರೆ ಬೇಕಾಬಿಟ್ಟಿ ಸಲಹೆ (ನಮ್ಮ ಕಡೆಯ ಕಥೆಯನ್ನು ಪ್ರಶ್ನೆಯಾಗಿ ಸಾಕ್ಷಿಯ ಮುಂದಿಡುವುದು) ಹಾಕಬೇಡಿ! ವಕೀಲರು ಹಾಕಿದ ಸಲಹೆಯಲ್ಲಿ ಆರೋಪಿಗೆ ಮಾರಕವಾದ ಒಪ್ಪಿಗೆ ಇದ್ದರೆ ಅದು ಆರೋಪಿಯನ್ನು ಕಟ್ಟಿಹಾಕುತ್ತದೆ ಅಂತ 2023ರ ಬಾಲು ಸುದಾಮ್ ಖಾಲ್ದೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಆರೋಪಿ ಅಲ್ಲಿರಲೇ ಇಲ್ಲ’ ಅನ್ನುವ ಪ್ರತಿವಾದ ಇಟ್ಟುಕೊಂಡು ‘ಜಗಳ ಶುರು ಮಾಡಿದ್ದು ನೀವೇ, ಆರೋಪಿ ತನ್ನನ್ನು ಕಾಪಾಡಿಕೊಂಡ’ ಅಂತ ಕೇಳಿದರೆ ಸ್ಥಳದಲ್ಲಿದ್ದದ್ದನ್ನು ನೀವೇ ಒಪ್ಪಿಕೊಟ್ಟಂತೆ. ಪ್ರತಿವಾದ ಯಾವುದು ಅಂತ ಮೊದಲ ಸಾಕ್ಷಿಗೂ ಮುಂಚೆ ಕಕ್ಷಿದಾರನ ಜತೆ ಕೂತು ತೀರ್ಮಾನಿಸಿ.

ಗದ್ದೆಬದು:
ಸಿವಿಲ್ ದಾವೆಗೂ ಇದೇ ಅರ್ಜಿನಾ? ಜಮೀನಿನ ಪಾಲಿನ ದಾವೆಯಲ್ಲಿ ಪ್ರತಿವಾದಿ ಗೈರಾಗಿ ಎಕ್ಸ್‌ಪಾರ್ಟಿ (ಏಕಪಕ್ಷೀಯ) ಆಗಿದ್ದರೆ ಪಾಟಿ ಸವಾಲಿನ ಹಕ್ಕು ಹೋದಂತೆಯೇ?

ಶಿರಸ್ತೆ:
ಹೋಗುವುದಿಲ್ಲ. ಪ್ರತಿವಾದ ತಳ್ಳಿಹಾಕಲ್ಪಟ್ಟ ಪ್ರತಿವಾದಿಯೂ ವಾದಿಯ ಸಾಕ್ಷಿಗಳಿಗೆ ಪಾಟಿ ಸವಾಲು ಹಾಕಬಹುದು ಅಂತ 1988ರಲ್ಲಿ ಮೊಡ್ಯುಲಾ ಇಂಡಿಯಾ ಕೇಸಿನಲ್ಲಿ ತೀರ್ಮಾನವಾಗಿದೆ. ವಾದಿಯ ಕಥೆಯ ದೌರ್ಬಲ್ಯ ತೋರಿಸುವಷ್ಟಕ್ಕೆ ಮಾತ್ರ, ತನ್ನ ಸ್ವಂತ ಕಥೆ ಕಟ್ಟುವಂತಿಲ್ಲ. ಸ್ವಂತ ಸಾಕ್ಷ್ಯವೂ ಬೇಕಿದ್ದರೆ ಎಕ್ಸ್‌ಪಾರ್ಟಿ ಆದೇಶ ರದ್ದಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9 ನಿಯಮ 7ರ ಅರ್ಜಿ ಬೇರೆ ಹಾಕಿ.

ಸಾಕ್ಷಿಯನ್ನು ಮರಳಿ ಕರೆಸಲು ಆದೇಶ 18 ನಿಯಮ 17 ಒಂದನ್ನೇ ನಂಬಬೇಡಿ, ಅದು ಕೋರ್ಟು ತನ್ನ ಸಂದೇಹ ಬಗೆಹರಿಸಿಕೊಳ್ಳಲು ಇರುವುದು. ಜತೆಗೆ ಕಲಂ 151 ನಮೂದಿಸಿ. 2011ರ ವೇಲುಸಾಮಿ ತೀರ್ಪು ಇದನ್ನು ಬಿಡಿಸಿ ಹೇಳುತ್ತದೆ. ವಜಾ ಆದರೆ ಹೈಕೋರ್ಟಿಗೆ ಸಂವಿಧಾನದ 227ನೇ ವಿಧಿಯಡಿ ರಿಟ್, ನಿಮ್ಮ ಜಿಲ್ಲೆಗೆ ತಕ್ಕಂತೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ.

ಗದ್ದೆಬದು:
ಪಾಟಿ ಸವಾಲಿನ ದಿನ ಹೊಸ ಕಾಗದ ತೋರಿಸಬಹುದಾ? ವಾದಿಯ ವಕೀಲರು ‘ಮೊದಲೇ ಹಾಜರುಪಡಿಸಿಲ್ಲ’ ಅಂತ ಎದ್ದು ನಿಲ್ಲುತ್ತಾರೆ.

ವಕಾಲತ್ತು:
ತೋರಿಸಬಹುದು. ಎದುರಾಳಿಯ ಸಾಕ್ಷಿಗೆ ಪಾಟಿ ಸವಾಲಿನಲ್ಲಿ ತೋರಿಸುವ ಕಾಗದಕ್ಕೆ ಮೊದಲೇ ಹಾಜರುಪಡಿಸುವ ನಿಯಮ ಇಲ್ಲ. ಆದೇಶ 8 ನಿಯಮ 1ಎ(4), ಆದೇಶ 13 ನಿಯಮ 1(3) ನೋಡಿ.

ಬಾರ್ ಬೆಂಚು:
ಅದು ಸಾಕ್ಷಿಗೆ ಮಾತ್ರ. ವಾದಿಯೇ ಕಟಕಟೆಯಲ್ಲಿದ್ದರೆ ಆತ ಪಕ್ಷಕಾರ, ಅಲ್ಲಿ ನಡೆಯಲ್ಲ.

ವಕಾಲತ್ತು:
ಹಿಂದೆ ಆ ವಾದ ಇತ್ತು. 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮುಗಿಸಿದೆ: ಈ ವಿಷಯದಲ್ಲಿ ಪಕ್ಷಕಾರನಿಗೂ ಬೇರೆ ಸಾಕ್ಷಿಗೂ ವ್ಯತ್ಯಾಸವಿಲ್ಲ. ಆದರೆ ನೆನಪಿರಲಿ, ಸಾಕ್ಷಿ ಕಾಗದವನ್ನು ಒಪ್ಪಿದರೆ ಮಾತ್ರ ಗುರುತಾಗುತ್ತದೆ. ನನಗೆ ಗೊತ್ತಿಲ್ಲ ಅಂದರೆ ನಿಮ್ಮ ಸಾಕ್ಷಿಯಿಂದಲೇ ಸಾಬೀತು ಮಾಡಬೇಕು.

ಮಹಜರು:
ಸಿವಿಲ್‌ನಲ್ಲಿ ಇದಕ್ಕಿಂತ ದೊಡ್ಡ ಗುಂಡಿ ಛಾಪಾ ಕಾಗದದ್ದು. ಸಾಕಷ್ಟು ಮುದ್ರಾಂಕವಿಲ್ಲದ ಕರಾರುಪತ್ರ ಗುರುತಾಗುವಾಗಲೇ ಆಕ್ಷೇಪಿಸಬೇಕು. ಒಮ್ಮೆ ನಿಶಾನೆ ಬಿದ್ದು ಸಾಕ್ಷ್ಯಕ್ಕೆ ಬಂದರೆ ಕರ್ನಾಟಕ ಮುದ್ರಾಂಕ ಕಾಯ್ದೆಯ 35ನೇ ಕಲಂ ಬಾಗಿಲು ಮುಚ್ಚುತ್ತದೆ. ಪಾಟಿ ಸವಾಲಿನಲ್ಲಿ ಅದನ್ನು ಎತ್ತಿ ಪ್ರಯೋಜನವಿಲ್ಲ. ಸಮಯಕ್ಕೆ ಆಕ್ಷೇಪಿಸಿದರೆ ಕೊರತೆ ಶುಲ್ಕದ ಮೇಲೆ ಹತ್ತು ಪಟ್ಟು ದಂಡ ಕಟ್ಟದೆ ಆ ಕಾಗದ ಒಳಗೆ ಬರದು.

ನ್ಯೂಜೆರ್ಸಿ ಕನ್ನಡಿಗ:
ಸಾಕ್ಷಿ ಅಮೆರಿಕದಲ್ಲಿದ್ದರೆ ಪಾಟಿ ಸವಾಲಿಗೆ ಬೆಂಗಳೂರಿಗೆ ಬರಲೇಬೇಕಾ?

ಆರ್ಡರ್‌ಶೀಟ್:
ಬೇಡ. ವಿಡಿಯೊ ಮೂಲಕ ಸಾಕ್ಷ್ಯ ದಾಖಲಿಸಬಹುದು ಅಂತ 2003ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದೆ, ಕರ್ನಾಟಕದಲ್ಲಿ 2020ರ ನಿಯಮಗಳಿವೆ. ಮನೆಯ ಸೋಫಾ ಮೇಲೆ ಕೂತು ನುಡಿಯುವ ಹಾಗಿಲ್ಲ. ಆ ತುದಿಯಲ್ಲಿ ಸಂಯೋಜಕರು ಇರಬೇಕು, ವಿದೇಶವಾದರೆ ಭಾರತೀಯ ದೂತಾವಾಸದ ಅಧಿಕಾರಿ. ಸಾಕ್ಷಿಗೆ ತೋರಿಸುವ ಕಾಗದಗಳ ಪ್ರತಿ ಮೊದಲೇ ಅಲ್ಲಿಗೆ ತಲುಪಿರಬೇಕು. ಪಾಟಿ ಸವಾಲು ಮಾಡುವ ವಕೀಲರು ಇದರಲ್ಲೇ ಎಡವುತ್ತಾರೆ: ಅಚ್ಚರಿಯಾಗಿ ತೋರಿಸಬೇಕಾದ ಕಾಗದವನ್ನು ಮುಚ್ಚಿದ ಲಕೋಟೆಯಲ್ಲಿ ಸಂಯೋಜಕರಿಗೆ ಕಳಿಸಲು ಕೋರ್ಟಿನ ಅನುಮತಿ ಕೇಳಿ. ಕೋಣೆಯಲ್ಲಿ ಬೇರೆ ಯಾರೂ ಇಲ್ಲ, ಮೊಬೈಲ್ ಇಲ್ಲ ಎಂಬುದನ್ನು ಮೊದಲ ಪ್ರಶ್ನೆಯಲ್ಲೇ ದಾಖಲಿಸಿ.

ಪಂಚಾಯ್ತಿ ಕಟ್ಟೆ:
ಸ್ವಲ್ಪ ಹೊರಗಿನ ಪ್ರಶ್ನೆ. ಸರ್ಕಾರಿ ನೌಕರರ ಇಲಾಖಾ ವಿಚಾರಣೆಯಲ್ಲಿ ವಕೀಲರಿಲ್ಲದೆ ಪಾಟಿ ಸವಾಲು ಹೇಗೆ?

ಶಿರಸ್ತೆ:
ರಾಜ್ಯ ಸರ್ಕಾರಿ ನೌಕರರ ಶಿಸ್ತು ಕ್ರಮದ 1957ರ ಸಿಸಿಎ ನಿಯಮಗಳ 11ನೇ ನಿಯಮ. ಇನ್ನೊಬ್ಬ ಸರ್ಕಾರಿ ನೌಕರರನ್ನು ರಕ್ಷಣಾ ಸಹಾಯಕರಾಗಿ ಇಟ್ಟುಕೊಳ್ಳಬಹುದು. ಮಂಡನಾಧಿಕಾರಿ (ಇಲಾಖೆಯ ಪರ ವಿಚಾರಣೆ ನಡೆಸುವವರು) ವಕೀಲರಾಗಿದ್ದರೆ ನೀವೂ ವಕೀಲರನ್ನು ಕೇಳಬಹುದು, ಅರ್ಜಿಯನ್ನು ಮೊದಲ ದಿನವೇ ಕೊಡಿ. ಸಾಕ್ಷಿಯನ್ನೇ ಕರೆಸದೆ ಬರೀ ವರದಿಯನ್ನು ಕಡತಕ್ಕೆ ಸೇರಿಸಿದರೆ ಅದು ಪುರಾವೆಯಲ್ಲ, 2009ರ ರೂಪ್ ಸಿಂಗ್ ನೇಗಿ ತೀರ್ಪು ಹಿಡಿದು ಲಿಖಿತ ಆಕ್ಷೇಪಣೆ ಹಾಕಿ. ‘ವರದಿ ಬರೆದವರನ್ನು ಪಾಟಿ ಸವಾಲಿಗೆ ಕರೆಸಿ’ ಎಂಬ ಕೋರಿಕೆ ಕಡತದಲ್ಲಿ ಇಲ್ಲದಿದ್ದರೆ ಆಮೇಲೆ ನ್ಯಾಯಮಂಡಳಿಯಲ್ಲಿ ‘ನೀವು ಕೇಳಲೇ ಇಲ್ಲವಲ್ಲ’ ಅನ್ನುತ್ತಾರೆ.

ಹೊಸಕರಿಕೋಟು:
ಕೊನೆಯದು. ಮುಖ್ಯ ವಿಚಾರಣೆ ಮತ್ತು ಪಾಟಿ ಸವಾಲಿನ ನಡುವೆ ತುಂಬಾ ಅಂತರ ಬಿದ್ದರೆ ಆರೋಪಿಗೆ ಒಳ್ಳೆಯದು ಅಂತ ಕೆಲವು ಹಿರಿಯರು ಹೇಳುತ್ತಾರೆ.

ಮಹಜರು:
ಆ ಸಲಹೆಯೇ ಎಷ್ಟೋ ಕೇಸುಗಳನ್ನು ಕೆಡಿಸಿದೆ. 2015ರ ವಿನೋದ್ ಕುಮಾರ್ ತೀರ್ಪಿನಲ್ಲಿ 20 ತಿಂಗಳ ಅಂತರ, ಸಾಕ್ಷಿ ಅಷ್ಟರಲ್ಲಿ ತಿರುಗಿಬಿದ್ದಿದ್ದ. ಸುಪ್ರೀಂ ಕೋರ್ಟ್ ಕಟುವಾಗಿ ಖಂಡಿಸಿತು, ಶಿಕ್ಷೆಯನ್ನೂ ಎತ್ತಿಹಿಡಿಯಿತು. ಸಾಕ್ಷಿ ಪ್ರತಿಕೂಲವಾದರೆ ಸಾಕ್ಷ್ಯ ಪೂರ್ತಿ ತೊಳೆದುಹೋಗುವುದಿಲ್ಲ, ನಂಬಲರ್ಹ ಭಾಗವನ್ನು ಕೋರ್ಟು ಬಳಸುತ್ತದೆ. ಇನ್ನೊಬ್ಬ ಸಾಕ್ಷಿಯಾದ ಮೇಲೆ ಕೇಳಬೇಕೆಂದು ನಿಜವಾದ ಕಾರಣವಿದ್ದರೆ ಹಳೆಯ ಸಂಹಿತೆಯ 231(2) ಅಥವಾ 242(3)ರಡಿ ಲಿಖಿತವಾಗಿ ಮುಂದೂಡಿಕೆ ಕೇಳಿ. 2018ರ ಕೇರಳ ವಿರುದ್ಧ ರಶೀದ್ ತೀರ್ಪಿನಲ್ಲಿ ಕೋರ್ಟು ಯಾವ ಅಂಶಗಳನ್ನು ನೋಡಬೇಕು ಅಂತ ಪಟ್ಟಿ ಇದೆ.

ಧಾರವಾಡದಾಂವ:
ಮತ್ತೊಂದು: ಪಾಟಿ ಸವಾಲು ಮುಗದ ದಿನಾನ ಸಾಕ್ಷ್ಯದ ನಕಲಿಗೆ ಅರ್ಜಿ ಹಾಕ್ರಿ. ಸಾಕ್ಷಿ ಹೇಳಿದ್ದು ಒಂದು, ಟೈಪ್ ಆಗಿದ್ದು ಇನ್ನೊಂದು ಆಗಿದ್ರ ಓದಿ ಹೇಳೂ ಹೊತ್ತಿಗೇ ತಕರಾರು ತಗೀಬೇಕು. ಮುಖ್ಯ ಪ್ರಶ್ನೆ ಇದ್ರ ಪ್ರಶ್ನಾ-ಉತ್ತರದ ರೂಪದಾಗ ಬರಕೋರಿ ಅಂತ ಆಗಲೇ ಕೇಳ್ರಿ, ನ್ಯಾಯಾಧೀಶರು ಸಾಮಾನ್ಯವಾಗಿ ಒಪ್ಪತಾರ.

ಹೊಸಕರಿಕೋಟು:
ಎಲ್ಲರಿಗೂ ಧನ್ಯವಾದ. ಅರ್ಜಿ, ವಕೀಲರ ಪ್ರಮಾಣಪತ್ರ, ಬತ್ತಾ ಕಟ್ಟುವ ಮೆಮೊ ಮೂರನ್ನೂ ಒಟ್ಟಿಗೇ ಹಾಕಬೇಕಾ?

ಶಿರಸ್ತೆ:
ಒಟ್ಟಿಗೇ. 313ರ ಹೇಳಿಕೆಗೆ ಇಟ್ಟಿರುವ ತಾರೀಖಿನ ತನಕ ಕಾಯಬೇಡಿ, ಅಡ್ವಾನ್ಸ್ ಮೆಮೊ ಕೊಟ್ಟು ಕೇಸನ್ನು ಮುಂಚಿತವಾಗಿ ತೆಗೆಸಿ.